ಗಟಾರ, ಕಮಾನು ಮತ್ತು ನನ್ನ ಹಿತ್ತಾಳೆ ಗಂಟೆ

ನನ್ನ ಬಳಿ ಒಂದು ಹಿತ್ತಾಳೆ ಗಂಟೆ ಇದೆ. ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿದರೆ ಟಿಣ್ ಎನ್ನುವಂಥದು. ಧಾರವಾಡದಲ್ಲಿ ಓದು ಮುಗಿಸಿ ಕಾಲೇಜು ಬಿಡುವ ದಿನ ಚರ್ಚಾಕೂಟದ ಗೆಳೆಯರು ಅದನ್ನು ಉಡುಗೊರೆಯಾಗಿ ಕೊಟ್ಟರು. ಐದು ವರ್ಷಗಳಲ್ಲಿ ನನ್ನ ಮಾತನ್ನು ನಿಲ್ಲಿಸುವುದರಲ್ಲಿ ಯಶಸ್ವಿಯಾದ ಏಕೈಕ ವಸ್ತು ಅದೆಂಬುದು ಅವರು ಕೊಟ್ಟ ಕಾರಣ. ನಾನು ಅದನ್ನು ಪ್ರಶಂಸೆಯೆಂದೇ ಸ್ವೀಕರಿಸಿದೆ.

ಚರ್ಚಾಸ್ಪರ್ಧೆ ನನಗೆ ಎರಡು ಸಂಗತಿಗಳನ್ನು ಕಲಿಸಿತ್ತು. ಪ್ರತಿಯೊಂದು ವಿಷಯಕ್ಕೂ ಪರ ಮತ್ತು ವಿರೋಧ ಎಂಬ ಎರಡು ಪಕ್ಷಗಳಿರುತ್ತವೆ. ಎರಡರ ಮೇಲೂ ತಲಾ ಐದು ನಿಮಿಷ ಮಾತನಾಡಬಲ್ಲವನು ಪ್ರಜಾಪ್ರಭುತ್ವಕ್ಕೆ ಯೋಗ್ಯನಾಗಿರುತ್ತಾನೆ. ಏನೂ ಹೇಳದೆ ಚಾಪೆಯ ಅಂಚನ್ನು ಕೀಳುತ್ತ ಕುಳಿತಿರುವ ಮೂರನೆಯ ಪಕ್ಷವೊಂದಿದೆ, ಊರು ತುಂಬ ಇರುವುದು ಅದೇ ಎಂದು ಯಾವ ತೀರ್ಪುಗಾರರೂ ನನಗೆ ಹೇಳಲಿಲ್ಲ.

ಈಗ ಗಜೇಂದ್ರಗಡದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುತ್ತೇನೆ. ಬಸ್ ಸ್ಟ್ಯಾಂಡಿನ ಹೊರಗೆ ಟಂಟಂ ಹತ್ತಿದರೆ ಅರ್ಧ ಗಂಟೆಯಲ್ಲಿ ನಮ್ಮೂರು. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಎಲ್ಲಿ ಬರೆಯಬೇಕು, ಎಷ್ಟು ದೊಡ್ಡದಾಗಿ ಬರೆಯಬೇಕು ಎಂಬುದರಿಂದಲೇ ನಾನು ಹೇಳಹೊರಟಿರುವ ತೊಡಕು ಶುರುವಾದದ್ದು. ಮತ್ತೊಮ್ಮೆ ಅದನ್ನು ಕೆದಕುವ ಧೈರ್ಯ ನನಗಿಲ್ಲ.

ನಮ್ಮ ಓಣಿ ಇಳಿಜಾರಿನಲ್ಲಿದೆ. ಮೇಲಿನ ತುದಿಯಿಂದ ಹಿಂದೆಂದೋ ಗಟಾರ ಕಟ್ಟುತ್ತ ಬಂದವರು ನಮ್ಮ ಮಗ್ಗುಲ ಮನೆಯ ಮುಂದೆ ನಿಲ್ಲಿಸಿ ಹೋಗಿದ್ದರು. ಗಟಾರ ಅಲ್ಲಿಗೆ ಮುಗಿಯಿತೆಂಬುದು ಪಂಚಾಯ್ತಿಯ ಕಡತಕ್ಕೆ ಗೊತ್ತಿತ್ತು, ನೀರಿಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ನೇಕಾರ ದಂಪತಿಗಳಿದ್ದಾರೆ. ಓಣಿಯೆಲ್ಲ ಅವರನ್ನು ಕಾಕಾ, ಕಾಕು ಎಂದೇ ಕರೆಯುತ್ತದೆ. ಕಾಕಾ ನೂಲು ಸುತ್ತುತ್ತಾರೆ, ಕಾಕು ನೇಯುತ್ತಾರೆ. ಅವರದು ಕುಣಿಮಗ್ಗ: ನೆಲದಲ್ಲಿ ತೊಡೆಯಾಳದ ಒಂದು ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ಪಾದದಿಂದ ಹಲಗೆ ತುಳಿಯುತ್ತ ಕೈಯಿಂದ ಲಾಳಿ ಎಸೆಯಬೇಕು. ಜೋರು ಮಳೆ ಬಂದ ದಿನ ಓಣಿಯ ನೀರೆಲ್ಲ ಹೊಸ್ತಿಲು ದಾಟಿ ಆ ಕುಣಿಯಲ್ಲಿ ಇಳಿದು ವಿಶ್ರಾಂತಿ ಪಡೆಯುತ್ತಿತ್ತು. ಅವರ ಕೆಳಗಿನ ಮನೆ ನಮ್ಮದು, ನಮ್ಮ ಕೆಳಗೆ ಹಳ್ಳ. ನೀರು ಅಲ್ಲಿಯೇ ತಂಗುತ್ತಿದ್ದುದರಿಂದ ನಮ್ಮ ಅಂಗಳ ಯಾವಾಗಲೂ ಒಣಗಿರುತ್ತಿತ್ತು. ಈ ಕೊನೆಯ ಸಂಗತಿಯನ್ನು ನಾನು ಆಗ ಗಮನಿಸಿರಲಿಲ್ಲ. ಒಣಗಿದ ಅಂಗಳವುಳ್ಳವರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಹಿಂದಿನ ವರ್ಷ ಮಳೆಗೆ ಒಂದು ಸೀರೆಗೆಂದು ಮಗ್ಗಕ್ಕೆ ಹೂಡಿದ ಉದ್ದೆಳೆಗಳ ಹಾಸು ಪೂರ್ತಿ ತೊಯ್ದು, ಗಂಜಿ ಬಿಟ್ಟು, ಎಳೆಗೆ ಎಳೆ ಅಂಟಿಕೊಂಡು ಕೆಟ್ಟಿತ್ತು. ಗಜೇಂದ್ರಗಡದಿಂದ ನೂಲು ಕೊಡುವ ಸಾವಕಾರರು ಬಂದು ನೋಡಿ, ಬಯ್ಯದೆ, ಧ್ವನಿಯೇರಿಸದೆ ಒಂದು ಮಾತು ಹೇಳಿ ಹೋಗಿದ್ದರು.

"ಇನ್ನೊಂದ ಸಲ ಹಾಸು ತೊಯ್ತಂದ್ರ ನೂಲು ಬ್ಯಾರೆ ಮನಿಗೆ ಹೊಕ್ಕೈತಿ ನೋಡವಾ. ನಂದೇನ ಸಿಟ್ಟಿಲ್ಲ."

ಸಿಟ್ಟಿಲ್ಲದ ಮಾತಾದ್ದರಿಂದಲೇ ಕಾಕು ಹೆದರಿದ್ದರು. ಹತ್ತನೆಯ ವಯಸ್ಸಿನಿಂದ ಆ ಕುಣಿಯಲ್ಲಿ ಕುಳಿತವರು ಅವರು. ಈಗ ಮೊಣಕಾಲು ಮಡಚಿ ಹೊಲದಲ್ಲಿ ಕಳೆ ತೆಗೆಯಲಾರರು, ನೂಲು ನಿಂತರೆ ಮಾಡಲು ಬೇರೆ ಕೆಲಸವಿಲ್ಲ. ಇನ್ನೊಂದು ಮಳೆಗಾಲದೊಳಗೆ ಗಟಾರ ಹಳ್ಳದ ಕಡೆಗೆ ಹರಿಯದಿದ್ದರೆ ಮಗ್ಗ ಕಟ್ಟಿಗೆಯಾಗುತ್ತದೆ. ವಿಷಯ ಇಷ್ಟು ಸರಳವಾಗಿತ್ತು. ಪಂಚಾಯ್ತಿ ಕಚೇರಿಗೆ ಹೋಗಿ ಅಷ್ಟನ್ನೇ ಹೇಳಿದ್ದರೆ ಸಾಕಿತ್ತು. ಆದರೆ ನನ್ನ ಶಿಕ್ಷಣ ಅಡ್ಡ ಬಂತು. ಒಂದು ಗಟಾರವನ್ನು ಬೇಡಿ ಪಡೆಯುವುದು ಪ್ರಜೆಯ ಲಕ್ಷಣ. ಊರೇ ಕೂಡಿ ಅದನ್ನು ತೀರ್ಮಾನಿಸುವುದು ನಾಗರಿಕನ ಲಕ್ಷಣ. ನಾನು ಕಾಕುವನ್ನು ನಾಗರಿಕಳನ್ನಾಗಿಸಲು ನಿಶ್ಚಯಿಸಿದೆ. ಅವರ ಅಭಿಪ್ರಾಯ ಕೇಳುವುದು ನನಗೆ ಹೊಳೆಯಲಿಲ್ಲ.

ನಮ್ಮಲ್ಲಿ ವಾರ್ಡ್ ಸಭೆ ಇಲ್ಲವೆಂದಲ್ಲ. ಇತ್ತು, ಆದರೆ ಅದು ಒಂದು ಪುಸ್ತಕದ ರೂಪದಲ್ಲಿತ್ತು. ಆ ಪುಸ್ತಕ ವರ್ಷಕ್ಕೊಮ್ಮೆ ಮನೆಯಿಂದ ಮನೆಗೆ ಬರುತ್ತಿತ್ತು, ನಾವು ರೊಟ್ಟಿಯ ಕೈ ಒರೆಸಿಕೊಂಡು ಸಹಿ ಮಾಡುತ್ತಿದ್ದೆವು, ಸಭೆ ಯಶಸ್ವಿಯಾಗಿ ಜರುಗುತ್ತಿತ್ತು. ಅದನ್ನು ನಿಜವಾಗಿಯೂ ಸೇರಿಸೋಣ, ಈ ವರ್ಷದ ಹಣದಲ್ಲಿ ಯಾವ ಕೆಲಸ ಮೊದಲು ಆಗಬೇಕೆಂದು ಮಂದಿಯೇ ಆರಿಸಲಿ ಎಂದು ನಾನು ಪಂಚಾಯ್ತಿ ಅಧ್ಯಕ್ಷರ ಮನೆಗೆ ಹೋಗಿ ವಿವರಿಸಿದೆ. ಅವರು ಒಳ್ಳೆಯ ಮನುಷ್ಯರು. ಪೂರ್ತಿ ಕೇಳಿದರು.

"ಮಂದೀನ ಆರಿಸೂದು ಅಂದ್ರ ನಾವೇನ್ ಮಾಡೂದ್ರಿ ಮಾಸ್ತರ?"

"ನೀವು ಕೇಳಿಸ್ಕೊಳ್ಳೂದ್ರಿ."

"ಕೇಳಿಸ್ಕೊಂಡು?"

"ಮಂದಿ ಹೇಳಿದ್ದನ್ನ ಬರಸೂದು."

ಅವರು ಸ್ವಲ್ಪ ಹೊತ್ತು ಅಡಕೆ ಅಗಿದರು. "ಫೋಟೊ ತಗಸತೀರಲ್ಲ, ಅದರಾಗ ನಡಬರಕ ನಾ ಇರತೀನೇನು?"

"ಇರತೀರ್ರಿ."

"ಹಂಗಾರ ಮಾಡೂಣ ಬಿಡ್ರಿ. ಮಂದಿ ಅಂದ್ರ ನಮ್ಮ ಮಂದಿನ ಅಲ್ಲಾ."

ಶಾಲೆಯ ಪಡಸಾಲೆಯಲ್ಲಿ ಸಭೆ. ಗೋಡೆಗೆ ಐದು ಚಿತ್ರ ಅಂಟಿಸಿದೆ: ಗಟಾರ, ಬೀದಿದೀಪ, ದನಗಳು ನೀರು ಕುಡಿಯುವ ದೋಣಿ, ವಾಚನಾಲಯದ ಕಪಾಟು, ಊರ ಬಾಗಿಲಿಗೆ ಸ್ವಾಗತ ಕಮಾನು. ಪ್ರತಿ ಚಿತ್ರದ ಕೆಳಗೂ ಒಂದು ತಂಬಿಗೆ. ಬಂದವರಿಗೆಲ್ಲ ತಲಾ ಒಂದು ಕಡಲೆ ಕಾಳು. ತಮಗೆ ಬೇಕಾದ ಕೆಲಸದ ತಂಬಿಗೆಗೆ ಅದನ್ನು ಹಾಕಬೇಕು. ಕೆಲವು ಮತಗಳು ನನ್ನ ಭಾಷಣದ ಅವಧಿಯಲ್ಲಿಯೇ ಜಗಿಯಲ್ಪಟ್ಟವು. ಅವರಿಗೆ ಎರಡನೆಯ ಕಾಳು ಕೊಡುವುದು ಸಂವಿಧಾನಸಮ್ಮತವೇ ಎಂದು ನಾನು ಬಹಳ ಯೋಚಿಸಿ, ಕೊಟ್ಟೆ.

ಮಧ್ಯವರ್ತಿಗಳನ್ನು ನಿವಾರಿಸುವ ಉದ್ದೇಶದಿಂದ ನಾನು ನಿಯಮಗಳನ್ನೂ ರಚಿಸಿದ್ದೆ. ಪ್ರತಿಯೊಬ್ಬರೂ ತಮ್ಮ ಬೇಡಿಕೆಯನ್ನು ತಾವೇ ಎದ್ದು ನಿಂತು ಮಂಡಿಸತಕ್ಕದ್ದು. ಒಬ್ಬರ ಪರವಾಗಿ ಇನ್ನೊಬ್ಬರು ಮಾತನಾಡತಕ್ಕದ್ದಲ್ಲ. ಉಲ್ಲಂಘಿಸಿದರೆ ಗಂಟೆ. ನಾನು ಸಭಾಧ್ಯಕ್ಷನಾದ್ದರಿಂದ ತಟಸ್ಥ. ಗಟಾರದ ಬಗ್ಗೆ ನಾನೂ ಒಂದಕ್ಷರ ಆಡುವಂತಿಲ್ಲ. ಆ ತಾಟಸ್ಥ್ಯದ ಬಗ್ಗೆ ಅವತ್ತು ನನಗಿದ್ದ ಹೆಮ್ಮೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೊದಲು ಎದ್ದವರು ಊರ ಅಧ್ಯಕ್ಷರು. ಬೇಡಿಕೆ ಮಂಡಿಸಲಿಕ್ಕಲ್ಲ.

"ನಂದೇನ ಬೇಡಿಕಿ ಅಲ್ರಿ ಇದು. ಸುಮ್ನ ಆಗಿದ್ದ ಹೇಳತೀನಿ. ನಮ್ಮ ಬೀಗರು ಲಕ್ಕಲಕಟ್ಟಿಯಿಂದ ಬರಾಕತ್ತಿದ್ರು. ಬಸ್ನ್ಯಾಗ ಕುಂತಾರ, ನಮ್ಮೂರ ಬಂದೈತಿ, ಹೋಗೈತಿ. ಅವರಿಗೆ ಗೊತ್ತಾಗಿಲ್ಲ. ಗೊತ್ತರ ಹ್ಯಾಂಗ ಆಗಬೇಕು, ಒಂದ ಅಕ್ಷರ ಬರದಿಲ್ಲ ಎಲ್ಲೂ. ಪುರ್ತಗೇರಿ ಸನೇಕ ಇಳದು ಬಿಸಲಾಗ ಹೊಳ್ಳಿ ನಡಕೊಂತ ಬಂದ್ರು. ಬೀಗತಿ ತಲಿಮ್ಯಾಲ ಬುತ್ತಿ ಗಂಟ ಬ್ಯಾರೆ. ಆ ದಿನದಿಂದ ಆಕಿ ನಮ್ಮ ಮನ್ಯಾಕಿ ಕೂಡ ಮಾತ ಬಿಟ್ಟಾಳ. ಇರ್ಲಿ. ನಂದೇನಿಲ್ಲ."

ಕುಳಿತರು. ಸಭೆಯಲ್ಲಿ ಒಂದು ನಿಟ್ಟುಸಿರು ಸುಳಿಯಿತು. ಹೆಂಗಸರ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು.

ಸರದಿ ಕಾಕುವಿನದಾಯಿತು. ನಾನು ಕಣ್ಣಲ್ಲೇ ಹುರಿದುಂಬಿಸಿದೆ. ಅವರು ಅರ್ಧ ಎದ್ದು, ಸೆರಗು ಸರಿಪಡಿಸಿಕೊಂಡು, "ನಂದೇನೈತ್ರಿ. ದೇವರ ದಯಾದಿಂದ ಎಲ್ಲಾ ಚಲೋ ನಡದೈತಿ" ಎಂದು ಕುಳಿತುಬಿಟ್ಟರು.

ಕಾಕುವಿನ ಮೇಲಿನ ಮನೆ ಗಾದಿ ಹೊಲಿಯುವ ಚಾಚಾರದು. ಅವರ ಗಡ್ಡದಲ್ಲಿ ಯಾವಾಗಲೂ ಒಂದೆರಡು ಎಳೆ ಅರಳೆ ಸಿಕ್ಕಿಕೊಂಡಿರುತ್ತದೆ. ಅವರು ಥಟ್ಟನೆ ಎದ್ದರು.

"ಮಾಸ್ತರ, ಈ ಕಾಕುನ ಕುಣ್ಯಾಗ ಹ್ವಾದ ಮಳಿಗೆ..."

ಟಿಣ್.

"ಚಾಚಾ, ನಿಮ್ಮ ಬೇಡಿಕಿ ಹೇಳ್ರಿ."

"ನಂದ ಬಿಡ್ರಿ. ಈಕಿ ಬಾಯಿ ಬಿಡಂಗಿಲ್ಲ, ಅದಕ್ಕ ನಾನ..."

ಟಿಣ್.

ಚಾಚಾ ಗಂಟೆಯನ್ನು ಸ್ವಲ್ಪ ಹೊತ್ತು ನೋಡಿದರು. "ಇದು ಚಾ ತರಸಾಕ ಒತ್ತೂ ಗಂಟಿ ಅಲ್ಲೇನ್ರಿ?"

"ಅಲ್ರಿ."

"ಹಂಗಾರ ಕುಂದರತೀನಿ."

ಕಾಳು ಎಣಿಸಿದಾಗ ಕಮಾನಿನ ತಂಬಿಗೆ ಕಂಠದವರೆಗೆ ತುಂಬಿತ್ತು. ಗಟಾರದ ತಂಬಿಗೆಯನ್ನು ಬೋರಲು ಹಾಕಿದೆ; ಎರಡು ಕಾಳು ಉದುರಿದವು. ಅಲುಗಾಡಿಸಿದೆ. ಎರಡೇ. ಅಧ್ಯಕ್ಷರು ಫೋಟೊದ ನಡುವೆ ನಿಂತು, ಬಹಳ ಸಂಕೋಚದಿಂದ, "ಮಂದಿ ಹೇಳಿದ್ದು, ನಾವೇನ್ ಮಾಡೂದು" ಎಂದರು. ಅದು ನಾನೇ ಅವರಿಗೆ ಕಲಿಸಿದ ವಾಕ್ಯವಾಗಿತ್ತು.

ಸಂಜೆ ಕಾಕುವಿನ ಮನೆಗೆ ಹೋದೆ. ಅವರು ಕುಣಿಯಲ್ಲಿ ಇಳಿದು ನೇಯುತ್ತಿದ್ದರು. ಮಗ್ಗದ ಹಾಸಿನಿಂದ ಹೊಸ ಗಂಜಿಯ ವಾಸನೆ ಬರುತ್ತಿತ್ತು. ಸಾವಕಾರರು ನೇಯಲು ಕೊಟ್ಟ ಮದುವೆ ಸೀರೆ.

"ಕಾಕು, ನೀವು ಕಾಳ ಎಲ್ಲೆ ಹಾಕಿದ್ರಿ?"

"ಕಮಾನಕ್ಕ."

ಲಾಳಿ ನಾಲ್ಕು ಸಲ ಅತ್ತಿಂದಿತ್ತ ಓಡಿತು.

"ಪಾಪ, ಬೀಗತಿ ಬಿಸಲಾಗ ನಡದ ಬಂದಾಳಂತ. ಅದೂ ಬುತ್ತಿ ಹೊತ್ಕೊಂಡು" ಎಂದರು ಕಾಕು.

"ನಿಮ್ಮ ಮಗ್ಗ?"

"ಏನ್ ಮಾತ ಆಡತಿ ತಮ್ಮಾ. ಊರ ಮಂದಿ ಕುಂತಲ್ಲೆ ಎದ್ದ ನಿಂತು, ನನಗ ಹಾಕ್ರಿ, ನನಗ ಹಾಕ್ರಿ ಅಂತ ಬಾಯಿ ತಗೀಲೇನು? ಸಣ್ಣ ಮಂದಿ ಅಂದಾರು."

ನಾನು ನಾಗರಿಕ ಪ್ರಜ್ಞೆ, ಹಕ್ಕು ಮತ್ತು ಆತ್ಮಗೌರವಗಳ ಪರಸ್ಪರ ಸಂಬಂಧವನ್ನು ಮೂರು ಅಂಶಗಳಲ್ಲಿ ವಿವರಿಸಿದೆ. ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಕಾಕಾ, ವರ್ಷಕ್ಕೆ ಹತ್ತು ಮಾತು ಆಡುವವರು, ಆ ವರ್ಷದ ಒಂದನ್ನು ನನಗಾಗಿ ಖರ್ಚು ಮಾಡಿದರು.

"ಚಾ ಕುಡೀತೀಯೇನ ತಮ್ಮಾ?"

ಅದಾದ ವಾರಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮಳೆ ಬಂತು. ಬೇಸಿಗೆಯ ಮಧ್ಯಾಹ್ನ, ಬಿಸಿಲು ಇರುವಾಗಲೇ ಗುಡ್ಡದ ಕಡೆಯಿಂದ ಕಪ್ಪಾಗಿ ಬಂದು ಕಾಲು ಗಂಟೆ ಹೊಡೆಯಿತು. ಕಾಕು ಕೂಗಿದ್ದು ಕೇಳಿ ಓಡಿದೆ. ನೀರು ಹೊಸ್ತಿಲು ದಾಟಿತ್ತು. ಕಾಕಾ ಎಣ್ಣೆಯ ಡಬ್ಬಿಯಿಂದ ಕುಣಿಯ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಚೆಲ್ಲಿದ್ದು ಮರಳಿ ಒಳಗೆ ಬರುತ್ತಿತ್ತು. ಚಾಚಾ ಮತ್ತು ಕಾಕು ಹಾಸನ್ನು ಹಗ್ಗದಿಂದ ತೊಲೆಗೆ ಎತ್ತಿ ಕಟ್ಟುತ್ತಿದ್ದರು. ನಾನು ಒಂದು ತುದಿ ಹಿಡಿದುಕೊಂಡು ಮಳೆ ನಿಲ್ಲುವವರೆಗೆ ತೋಳು ಮೇಲೆತ್ತಿ ನಿಂತೆ. ಅಷ್ಟು ಹೊತ್ತು ಕೈ ಮೇಲೆತ್ತಿಕೊಂಡು ಒಂದೂ ಮಾತಾಡದೆ ನಿಂತದ್ದು ನನ್ನ ಸಾರ್ವಜನಿಕ ಜೀವನದಲ್ಲಿ ಅದೇ ಮೊದಲು. ಹಾಸು ಉಳಿಯಿತು. ಅಂಚಿನಲ್ಲಿ ಒಂದು ಗೇಣು ಮಾತ್ರ ತೊಯ್ದಿತ್ತು. ಕಾಕು ಅದನ್ನು ಸೆರಗಿನಿಂದ ಒತ್ತುತ್ತ, "ಇದು ಮಿರಗದ ಮಳಿ ಅಲ್ಲ, ಬರೇ ಚೇಷ್ಟಿ. ಖರೇ ಮಳಿ ಮುಂದೈತಿ" ಎಂದರು, ತಮಗೆ ತಾವೇ ಹೇಳಿಕೊಂಡಂತೆ. ಮಿರಗವೆಂದರೆ ಮೃಗಶಿರಾ, ಮುಂಗಾರು ಹಿಡಿಯುವ ಮಳೆ.

ವಾರ್ಡ್ ಸಭೆಯ ಪಟ್ಟಿ ಗ್ರಾಮ ಸಭೆಯಲ್ಲಿ ಅಂತಿಮವಾಗಬೇಕು. ಅದಕ್ಕೆ ಹತ್ತು ದಿನ ಉಳಿದಿತ್ತು. ನಾನು ಈ ಬಾರಿ ಮತದಾನಕ್ಕೆ ಮೊದಲು ಜನಜಾಗೃತಿ ಭಾಷಣಗಳ ಒಂದು ಮಾಲೆಯನ್ನು ಯೋಜಿಸಿ, ಮೊದಲನೆಯದನ್ನು ಬರೆದೂ ಮುಗಿಸಿದ್ದೆ. ಅಷ್ಟರಲ್ಲಿ ಓಣಿಯ ಮೇಲಿನ ತುದಿಯಲ್ಲಿ ಹೊಸ ಮನೆಯ ವಾಸ್ತುಶಾಂತಿ ಊಟ ಬಂದದ್ದು ಊರಿನ ಪುಣ್ಯ.

ಪಂಕ್ತಿಯಲ್ಲಿ ನನ್ನ ಎಡಕ್ಕೆ ಚಾಚಾ ಕುಳಿತಿದ್ದರು. ಹೋಳಿಗೆ ಚೆನ್ನಾಗಿತ್ತು. ಬೇಕಾದ್ದನ್ನು ಸ್ಪಷ್ಟವಾಗಿ ಕೇಳಬೇಕೆಂಬುದು ನನ್ನ ಸಿದ್ಧಾಂತವಾದ್ದರಿಂದ ಗಟ್ಟಿಯಾಗಿ, "ಇಲ್ಲೆ ನನಗ ಇನ್ನೊಂದ ಹೋಳಿಗಿ ಹಾಕ್ರಿ" ಎಂದೆ.

ನಮ್ಮ ಸಾಲಿನ ತಲೆಗಳೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದವು. ಬಡಿಸುವವನು ಬಂದು ಒಂದರ ಬದಲು ಮೂರು ಹಾಕಿ, ನನ್ನ ಮುಖ ನೋಡದೆ ಹೋದ. ಎದುರಿನ ಅಜ್ಜಿಯೊಬ್ಬಳು ಇನ್ನೊಬ್ಬಳ ಕಿವಿಯಲ್ಲಿ, "ಮನ್ಯಾಗ ನೀಡಂಗಿಲ್ಲೇನೋ ಪಾಪ" ಎಂದದ್ದು ಸಾಲಿನ ತುದಿಯವರೆಗೆ ಕೇಳಿಸಿತು.

ಚಾಚಾ ನನ್ನ ಕಡೆ ಬಾಗಿದರು. "ಹಿಂಗ ಕೇಳತಾರೇನ್ರಿ ಮಾಸ್ತರ? ಏಟ ಸಾಲಿ ಕಲತೀರಿ. ನೋಡ್ರಿ ಇಲ್ಲೆ."

ಆಮೇಲೆ ತಲೆಯೆತ್ತಿ ದನಿ ತೆಗೆದರು: "ಏ ತಮ್ಮಾ, ಮಾಸ್ತರಗ ತುಪ್ಪ ಬರ್ಲಿ ಇಲ್ಲೆ. ಒಣಾ ಹೋಳಿಗಿ ತಿನ್ನಾಕತ್ತಾರ."

ತುಪ್ಪದವನು ಓಡಿ ಬಂದ. ನನಗೆ ಹಾಕಿದ. ನನಗೆ ಹಾಕಿದವನು ಮಗ್ಗುಲಲ್ಲೇ ಇದ್ದ ಚಾಚಾರ ಎಲೆಯನ್ನು ದಾಟಿ ಹೋಗುವುದುಂಟೆ? ಅಲ್ಲಿಗೂ ಬಾಗಿದ. "ಅಯ್ಯ, ನನಗ್ಯಾಕೋ ಮಾರಾಯಾ, ಸಾಕ ಸಾಕ" ಎನ್ನುತ್ತ ಚಾಚಾ ಎಲೆಗೆ ಅಂಗೈ ಅಡ್ಡ ಹಿಡಿದರು. ನಾನು ಆ ಕೈಯನ್ನು ಸೂಕ್ಷ್ಮವಾಗಿ ನೋಡಿದೆ. ಐದೂ ಬೆರಳು ಅಗಲಿಸಿದ್ದರು. ಸಂದಿನಲ್ಲಿ ತುಪ್ಪ ಧಾರೆಯಾಗಿ ಇಳಿಯಿತು.

"ತಿಳೀತೇನ್ರಿ?" ಎಂದರು ಚಾಚಾ, ಹೋಳಿಗೆ ಮುರಿಯುತ್ತ. "ಪಂಕ್ತ್ಯಾಗ ತನಗ ತಾನ ಕೇಳೂದ ಮಂಗತನ. ಮಗ್ಗಲದವಗ ಕೇಳಬೇಕು. ಅಂವ ನಮಗ ಕೇಳತಾನ. ಎಲ್ಲಾರ ಹೊಟ್ಟಿ ತುಂಬತಾವು. ಅವತ್ತ ನೀವೇನ್ ಮಾಡಿದ್ರಿ, ಊರಿಗೂರ ಸಾಲ ಹಿಡದ ಕುಂದರಿಸಿ, ಮಗ್ಗಲದವಗ ನೀಡ್ರಿ ಅಂದ್ರ ಗಂಟಿ ಹೊಡದ್ರಿ. ಎಲ್ಲಾರೂ ಉಪಾಸ ಎದ್ವಿ."

"ಗಟಾರಕ್ಕ ಎರಡ ಕಾಳ ಬಿದ್ದಿದ್ವಲ್ಲ ಚಾಚಾ."

"ಒಂದ ನಂದು."

"ಇನ್ನೊಂದ ಕಾಕಾಂದೇನು?"

"ಕಾಕಾ ತನ್ನ ಮನಿಗೆ ತಾನ ಹ್ಯಾಂಗ ಹಾಕ್ಯಾನು? ಅಧ್ಯಕ್ಷರ್ದು. ನನ್ನ ಮುಂದ ನಿಂತಿದ್ರು, ನಾನ ನೋಡೇನಿ."

"ಅವರು ಕಮಾನ ಬಿಟ್ಟು?"

"ಮತ್ತ? ತಮ್ಮ ಕಮಾನಕ್ಕ ತಾವ ಹಾಕ್ಕೊಳ್ಳಾಕ ಅವರೇನ ಮಾನಗೇಡಿ ಏನ್ರಿ?"

ಕಮಾನು ಬೇಕಾಗಿದ್ದವನು ಗಟಾರಕ್ಕೆ, ಗಟಾರ ಬೇಕಾಗಿದ್ದವಳು ಕಮಾನಿಗೆ. ದೀಪ ಬೇಕಾಗಿದ್ದವರು ದೋಣಿಗೆ ಹಾಕಿರಬೇಕು, ದೋಣಿ ಬೇಕಾಗಿದ್ದವರು ಕಪಾಟಿಗೆ. ನಾನು ಅಳೆದದ್ದು ಊರಿನ ಅಗತ್ಯವನ್ನಲ್ಲ, ಊರಿನ ಸಭ್ಯತೆಯನ್ನು. ಆ ಪರೀಕ್ಷೆಯಲ್ಲಿ ಇಡೀ ಊರಿಗೆ ಪ್ರಥಮ ದರ್ಜೆ ಬಂದಿತ್ತು. ನಪಾಸಾದವನು ಪ್ರಶ್ನೆಪತ್ರಿಕೆ ತಯಾರಿಸಿದವನೊಬ್ಬನೇ. ಮೂರೂ ಹೋಳಿಗೆಗಳನ್ನು ನಾನು ತಲೆ ತಗ್ಗಿಸಿಕೊಂಡೇ ತಿಂದೆ. ತಿಂದೆ ಎಂಬುದನ್ನೂ ದಾಖಲಿಸಬೇಕು.

ಗ್ರಾಮ ಸಭೆಗೆ ಹೊಸ ಪದ್ಧತಿ ಸೂಚಿಸಿದಾಗ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿಗಳಿಗೆ ಕಷ್ಟವಾಯಿತು. ಅವರು ನಿಯಮನಿಷ್ಠರು. ಬೇಡಿಕೆದಾರರ ಹೆಸರು ಬರೆಯುವ ನಮೂನೆ ಅವರ ಬಳಿ ಇತ್ತು. ಮಗ್ಗುಲ ಮನೆಯವರ ಕೊರತೆಯನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ಒಂದು ಚಹಾದ ನಂತರ 'ಇತರೆ' ಎಂಬ ಕಾಲಂನಲ್ಲಿ ಇಡೀ ಊರನ್ನು ಹಿಡಿಸಬಹುದೆಂದು ಒಪ್ಪಿಕೊಂಡರು.

ಊರ ಮಂದಿ ಓಣಿಯ ಪ್ರಕಾರ, ಮನೆಯ ಪಕ್ಕ ಮನೆ ಬರುವಂತೆ, ಊಟಕ್ಕೆ ಕುಳಿತ ಹಾಗೆ ಸಾಲುಹಿಡಿದು ಕುಳಿತರು. ನಾನು ಒಂದೇ ಪ್ರಶ್ನೆ ಕೇಳಿದೆ: "ನಿಮ್ಮ ಮಗ್ಗಲ ಮನಿಗೆ ಏನ ಕಡಿಮಿ ಐತ್ರಿ?"

ಆಮೇಲೆ ನನ್ನ ಅಗತ್ಯ ಬೀಳಲಿಲ್ಲ. ವರ್ಷಗಟ್ಟಲೆ ಗೋಡೆಯ ಆಚೆಗಿನದನ್ನು ಕೇಳಿಸಿಕೊಂಡವರಿಗೆ ಹೇಳಲಿಕ್ಕೆ ಎಷ್ಟೊಂದಿರುತ್ತದೆಂದು ಯಾರಿಗೆ ಗೊತ್ತಿತ್ತು.

"ಇವರ ಮನಿ ಮುಂದ ಒಂದ ದೀಪ ಹಾಕಸ್ರಿ. ಮಾವಾರು ಕತ್ತಲಾಗ ದಿನಾ ನಮ್ಮ ಮನಿ ಹೊಕ್ಕು, ಚಪ್ಪಲಿ ಬಿಟ್ಟು, ರೊಟ್ಟಿ ನೀಡು ಅಂತಾರ."

"ಅವರಿಗೆ ಒಂದ ಕದ ಕೊಡಸ್ರಿ ಮೊದಲ. ಅವರ ಕೋಳಿ ತತ್ತಿ ಇಡೂದು ನಮ್ಮ ಮನ್ಯಾಗ."

"ಇಟ್ಟಿದ್ದ ತಿನ್ನಾಕರ ನಿನಗ ಭಾಳ ಬ್ಯಾಸರ ನೋಡು."

ಅಧಿಕಾರಿಗಳು 'ಕೋಳಿ' ಎಂದು ಬರೆದು ಹೊಡೆದುಹಾಕಿದ್ದನ್ನು ನಾನು ಕಂಡೆ. ಅಧ್ಯಕ್ಷರ ಮಗ್ಗುಲ ಮನೆ ಹಿಟ್ಟಿನ ಗಿರಣಿಯವರದು. ಅವರು ಎದ್ದರು. ಕಮಾನಿನ ಮಾತು ಅವರದೇ ಬಾಯಲ್ಲಿ ಬರಬೇಕಾಗಿತ್ತು.

"ಅಧ್ಯಕ್ಷರಿಗೆ ಕಮಾನ ಏನ ಬ್ಯಾಡ್ರಿ. ನಾ ದಿನಾ ನೋಡತೀನಲ್ಲ. ಅವರ ಬೀಗರು ಮೊನ್ನೆ ಬಂದವರು ನಮ್ಮ ಗಿರಣ್ಯಾಗ ಬಂದು, ಬೀಗರ ಅರಾಮೇನ್ರಿ ಅಂತ ಜ್ವಾಳದ ಚೀಲಕ್ಕ ಕೈ ಮುಗದ್ರು. ಅವರಿಗೆ ಬೇಕಾಗಿದ್ದು ಚಸ್ಮಾ."

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅವರ ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ. ಅವರು ನಕ್ಕ ಮೇಲೆ ಊರು ನಕ್ಕಿತು. ನಗೆ ಇಳಿದ ಮೇಲೆ ಅವರೇ, "ಒಂದ ಬೋರ್ಡರ ಹಾಕಸ್ರಿ ಹಂಗಾರ, ಸಣ್ಣದು" ಎಂದರು. ತಮಗಾಗಿ ಏನನ್ನಾದರೂ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಸಣ್ಣದೆಂದು ಸೇರಿಸಿದ್ದರಿಂದ ಊರು ಅದನ್ನು ಮನ್ನಿಸಿತು.

ಚಾಚಾ ಎದ್ದರು. ಮೊದಲು ನನ್ನ ಕೈ ನೋಡಿದರು. ಗಂಟೆ ಮನೆಯಲ್ಲಿತ್ತು.

"ಕಾಕುನ ಕುಣ್ಯಾಗ ನೀರ ಹೊಕ್ಕಾವು. ಗಟಾರ ಆಕಿ ಹೊಸ್ತಲಕ್ಕ ಬಂದ ನಿಂತೈತಿ. ಇನ್ನೊಂದ ಸಲ ಹಾಸು ತೊಯ್ದ್ರ ಸಾವಕಾರ ನೂಲ ಕೊಡಂಗಿಲ್ಲ. ಆಕಿ ಹೇಳಂಗಿಲ್ಲ, ನಾ ಹೇಳೇನಿ. ಮಿರಗ ಬರೂದ್ರಾಗ ಆಗಬೇಕು."

ಅಷ್ಟೇ. ನನ್ನ ಯಾವ ಭಾಷಣಕ್ಕಿಂತಲೂ ಚಿಕ್ಕದು. ನೂಲಿನ ಸಂಗತಿ ನಮ್ಮ ಮೂರು ಮನೆಗಳ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬಳು, "ಅಯ್ಯ ನಮ್ಮವ್ವಾ, ಹೇಳಬಾರದೇನ ಬೇ ಆವತ್ತ" ಎಂದು ಕಾಕುವನ್ನು ಗದರಿಸಿದಳು. ಅಧ್ಯಕ್ಷರು ಅಧಿಕಾರಿಗಳ ಕಡೆ ತಿರುಗಿ, "ಅದನ್ನ ಎಲ್ಲಾದಕಿಂತ ಮ್ಯಾಲ ಬರೀರಿ" ಎಂದರು. ಯಾರೂ ಕಾಳು ಕೇಳಲಿಲ್ಲ.

ಆಮೇಲೆ ಕಾಕುವಿನ ಸರದಿ. ಅವರ ಮಗ್ಗುಲ ಮನೆಯೆಂದರೆ ನಮ್ಮದು. ಅವರು ಈ ಬಾರಿ ಪೂರ್ತಿ ಎದ್ದು ನಿಂತರು.

"ಮಾಸ್ತರ ಮನಿಗೆ ಏನೂ ಕಡಿಮಿಲ್ರಿ. ಮಾತ ಒಂಚೂರ ಕಡಿಮಿ ಆದ್ರ ಚಲೋ."

ಸಭೆಯ ನಡಾವಳಿಯಲ್ಲಿ ಇದೂ 'ಇತರೆ'ಯಡಿ ದಾಖಲಾಗಿದೆಯೆಂದು ಕೇಳಿದ್ದೇನೆ.

ಕೆಲಸ ರೋಹಿಣಿ ಮಳೆಯಲ್ಲಿ ಶುರುವಾಗಿ, ಸಿಮೆಂಟು ಬರುವುದಕ್ಕೂ ಗಾರೆಯ ಗವಂಡಿ ಬರುವುದಕ್ಕೂ ಹೊಂದಾಣಿಕೆಯಾಗದೆ ಎಳೆದಾಡಿ, ಮಿರಗ ಹೊಕ್ಕ ನಾಲ್ಕನೆಯ ದಿನ ಮುಗಿಯಿತು. ಐದನೆಯ ದಿನ ಮಳೆ ಹಿಡಿಯಿತು. ನಾನು ಕೊಡೆ ಹಿಡಿದು ಕಾಕುವಿನ ಮನೆಗೆ ಹೋದೆ. ಹೊರಗೆ ಗಟಾರದಲ್ಲಿ ನೀರು ಸದ್ದು ಮಾಡುತ್ತ ಓಡುತ್ತಿತ್ತು, ಒಳಗೆ ಲಾಳಿಯ ಸದ್ದು ನಿಂತಿರಲಿಲ್ಲ. ಕಾಕು ಕುಣಿಯಿಂದ ಒಂದು ಕಾಲೆತ್ತಿ ಅಂಗಾಲು ತೋರಿಸಿದರು. ಒಣಗಿತ್ತು. ಮತ್ತೆ ಇಳಿಬಿಟ್ಟು ನೇಯತೊಡಗಿದರು.

ಆ ಸಂತೋಷದಲ್ಲಿ ಮನೆಗೆ ಮರಳಿದವನು ನಮ್ಮ ಅಂಗಳದಲ್ಲಿ ಮೊಣಕಾಲಿನವರೆಗೆ ಇಳಿದೆ. ಹಣ ಮುಗಿದಲ್ಲಿ ಗಟಾರ ಮುಗಿದಿತ್ತು, ಮುಗಿದದ್ದು ನಮ್ಮ ಬಾಗಿಲಲ್ಲಿ. ಹಳ್ಳ ಅಲ್ಲಿಂದ ಕೂಗಳತೆಯಲ್ಲಿದೆ. ನನ್ನ ಪುಸ್ತಕಗಳ ಕೆಳಗಿನ ಸಾಲು ಉಬ್ಬಿಕೊಂಡಿತು. ಅದರಲ್ಲಿ ಪ್ರಜಾಪ್ರಭುತ್ವದ ಬಗೆಗಿನವೇ ಹೆಚ್ಚು.

ಊರ ಬಾಗಿಲಲ್ಲಿ ಬೋರ್ಡು ಬಂದಿದೆ. ಊರಿನ ಹೆಸರಿಗಿಂತ ಅಧ್ಯಕ್ಷರ ಹೆಸರು ಒಂದು ಬೆರಳು ಮಾತ್ರ ದೊಡ್ಡದಾಗಿದೆ. ಬೀಗರು ಚಸ್ಮಾ ಹಾಕಿಕೊಂಡು ಬಂದು ಅದನ್ನು ಗಟ್ಟಿಯಾಗಿ ಓದಿದರಂತೆ.

ಮರುವರ್ಷದ ಸಭೆಗೆ ಕಿಸೆಯಲ್ಲಿ ಹನ್ನೆರಡು ಅಂಶಗಳ ಟಿಪ್ಪಣಿಯಿಟ್ಟುಕೊಂಡು ಹೋದೆ. ಗಟಾರವನ್ನು ಅರ್ಧಕ್ಕೆ ನಿಲ್ಲಿಸುವುದರ ತಾಂತ್ರಿಕ ದೋಷ, ಸಾರ್ವಜನಿಕ ಆರೋಗ್ಯ, ಸೊಳ್ಳೆ, ಸಂಪೂರ್ಣ ಕಾಮಗಾರಿಯ ತತ್ತ್ವ, ಎಲ್ಲ ಇತ್ತು. ಐದು ನಿಮಿಷದಲ್ಲಿ ತೀರ್ಪುಗಾರರ ಕಣ್ಣಲ್ಲಿ ನೀರು ತರಿಸಬಲ್ಲೆ. ಆದರೆ ಕೇಳುವಂತಿರಲಿಲ್ಲ. ಪದ್ಧತಿ ನಾನೇ ಹಾಕಿದ್ದು, ಮತ್ತು ಸಾಲಿನಲ್ಲಿ ಕುಳಿತ ಮೇಲೆ ಒಂದು ವಿಚಿತ್ರ ಸಂಗತಿ ಗಮನಕ್ಕೆ ಬಂತು: ನನಗೆ ನಾಚಿಕೆಯಾಗುತ್ತಿತ್ತು. ನಾನು ಚಾಪೆಯ ಅಂಚು ಕೀಳತೊಡಗಿದೆ. ಕಾಕು ನನ್ನ ಮಗ್ಗುಲಲ್ಲೇ ಕುಳಿತಿದ್ದರು. ಅವರ ಹಿಂದಿನ ವರ್ಷದ ಮಾತು ನನಗೂ, ಊರಿಗೂ, ನಡಾವಳಿ ಪುಸ್ತಕಕ್ಕೂ ನೆನಪಿತ್ತು.

ಸರದಿ ಬಂತು. ಕಾಕು ಎದ್ದರು. ಮಂದಿ ನಗಲು ಸಿದ್ಧವಾದದ್ದು ನನಗೆ ಕಾಣುತ್ತಿತ್ತು.

"ನನ್ನ ಕುಣ್ಯಾಗಿನ ನೀರು ಈಗ ಮಾಸ್ತರ ಅಂಗಳದಾಗ ಅದಾವ್ರಿ" ಎಂದರು. "ಹಳ್ಳದ ತನಕ ಒಯ್ದ ಬಿಡ್ರಿ ಅದನ್ನ. ಅಂವ ಹೇಳಂಗಿಲ್ಲ. ಬಾಯಿ ಬಿಟ್ಟ ಕೇಳೂ ಹುಡುಗ ಅಲ್ಲ ಅಂವ."

ನನ್ನ ಬಗ್ಗೆ ಯಾರಾದರೂ ಹಾಗೆ ಹೇಳಿದ್ದು ಅದೇ ಮೊದಲು. ಅಧಿಕಾರಿಗಳು ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ನಂಬಿಕೆಯಾಗದೆ ಮತ್ತೊಮ್ಮೆ ನೋಡಿ, ಪೆನ್ನಿನ ಮುಚ್ಚಳ ತೆಗೆದರು.

"ಅಯ್ಯ, ನಮಗ್ಯಾಕ್ರಿ ಕಾಕು, ಇರ್ಲಿ ಬಿಡ್ರಿ" ಎಂದು ನಾನು ಅಂಗೈ ಅಡ್ಡ ಹಿಡಿದೆ.

ಸಾಲಿನ ಆಚೆಯಿಂದ ಚಾಚಾ ನನ್ನ ಕೈಯನ್ನೇ ನೋಡುತ್ತಿದ್ದರು. ಐದೂ ಬೆರಳು ಅಗಲಿಸಿದ್ದೆ.